ಟೊಮೆಟೊಗೆ ತೆಳು ಲೇಪ: ಬೂಷ್ಟು ಎಲ್ಲಿ ನಿಲ್ಲುತ್ತದೆ, ಎಲ್ಲಿ ನಿಲ್ಲುವುದಿಲ್ಲ

ಪ್ರಶ್ನೆ: ಚಳ್ಳಕೆರೆ ತಾಲ್ಲೂಕಿನಲ್ಲಿ ಒಂದೂವರೆ ಎಕರೆ ಟೊಮೆಟೊ ಇದೆ. ರೇಟು ಬಿದ್ದಾಗ ನಾಲ್ಕೈದು ದಿನ ತಡೆದು ದಾವಣಗೆರೆಗೆ ಕಳಿಸೋಣವೆಂದರೆ ಮೂರನೇ ದಿನಕ್ಕೇ ಕ್ರೇಟಿನ ತಳದ ಹಣ್ಣು ನೀರು ಸೋರಿ, ಬೂಷ್ಟು ಹಿಡಿಯುತ್ತದೆ. ಲೋಳೆಸರದ ರಸ, ಮೆಕ್ಕೆಜೋಳದ ಗಂಜಿ, ಕೈಟೋಸಾನ್ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ತಿನ್ನಬಹುದಾದ ಇಂಥ ಲೇಪದಿಂದ ಕೊಳೆ ನಿಲ್ಲುತ್ತದೆಯೇ? ಯಾವುದನ್ನು, ಎಷ್ಟು, ಹೇಗೆ ಹಚ್ಚಬೇಕು?

ಉತ್ತರ: ನೀವು ಹೆಸರಿಸಿದ ಮೂರರಲ್ಲಿ ಬೂಷ್ಟಿನ ಮೇಲೆ ನೇರವಾಗಿ ಕೆಲಸ ಮಾಡುವುದು ಸಿಗಡಿ, ಏಡಿ ಚಿಪ್ಪಿನಿಂದ ಮಾಡುವ ಕೈಟೋಸಾನ್ ಪುಡಿ. ಲೋಳೆಸರಕ್ಕೆ ಆ ಗುಣ ಅಲ್ಪಸ್ವಲ್ಪ ಇದೆ. ಮೆಕ್ಕೆಜೋಳದ ಗಂಜಿಗೆ ಇಲ್ಲವೇ ಇಲ್ಲ. ಹಣ್ಣು ಸುಕ್ಕಾಗುವುದನ್ನು, ಬೇಗ ಮಾಗುವುದನ್ನು ಅದು ಒಂದಿಷ್ಟು ತಡೆದೀತು, ಅಷ್ಟೇ. ಹೊಲದಲ್ಲೇ ಒಳಗೆ ಹೊಕ್ಕಿರುವ ರೋಗವನ್ನು ಯಾವ ಲೇಪವೂ ಹೊರಗೆ ತೆಗೆಯುವುದಿಲ್ಲ. ಬಿರುಕು ಬಿಟ್ಟ, ಮೆತ್ತಗಾದ ಹಣ್ಣನ್ನು ಅದ್ದಿ ಒಣಗಿಸಿದರೆ ಹೊರಗೆ ಥಳಕು, ಒಳಗೆ ಹುಳುಕು ಅನ್ನುತ್ತಾರಲ್ಲ, ಅದೇ ಆಗುತ್ತದೆ.

ಲೇಪ ಕೊಳ್ಳುವ ಮೊದಲು ನಿಮ್ಮ ಕ್ರೇಟಿನಲ್ಲಿ ಕೊಳೆಯುತ್ತಿರುವುದು ಯಾವುದರಿಂದ ಎಂದು ನೋಡಿಕೊಳ್ಳಿ. ತಳದ ಹಣ್ಣು, ಮೂರನೇ ದಿನ, ನೀರು ಸೋರುವುದು: ಈ ಮೂರು ಲಕ್ಷಣ ಸೇರಿದರೆ ಹೆಚ್ಚಾಗಿ ಅದು ರೈಜೋಪಸ್ ಎಂಬ ಶಿಲೀಂಧ್ರ, ಇಲ್ಲವಾದರೆ ಬ್ಯಾಕ್ಟೀರಿಯಾದ ಮೆದುಕೊಳೆ. ಎರಡನ್ನೂ ಬೇರ್ಪಡಿಸುವುದು ಕಷ್ಟವಲ್ಲ. ಸೋರಲು ಶುರುವಾದ ಒಂದು ಹಣ್ಣನ್ನು ಒದ್ದೆ ಕಾಗದದ ಜೊತೆ ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಬಾಯಿ ಸಡಿಲವಾಗಿ ಕಟ್ಟಿ, ರಾತ್ರಿ ಮನೆಯೊಳಗೆ ಇಡಿ. ಬೆಳಿಗ್ಗೆ ಬೂದುಬಣ್ಣದ ಎಳೆಗಳು ಎದ್ದು, ತುದಿಯಲ್ಲಿ ಗುಂಡುಸೂಜಿ ತಲೆಯಂಥ ಕಪ್ಪು ಚುಕ್ಕೆಗಳು ಕಂಡರೆ ರೈಜೋಪಸ್. ಎಳೆ ಒಂದೂ ಇಲ್ಲದೆ, ಸಿಪ್ಪೆ ನೀರು ತುಂಬಿದ ಚೀಲದಂತಾಗಿ ಗಬ್ಬು ವಾಸನೆ ಬಂದರೆ ಬ್ಯಾಕ್ಟೀರಿಯಾ. ಆ ಹಣ್ಣಿಗೆ ಲೇಪ ಹಚ್ಚುವುದು ಹಣ ದಂಡ. ಹುಳಿ ವಾಸನೆ, ಮೇಲೆ ಬಿಳಿ ಕೆನೆಯಂಥ ಪದರ ಇದ್ದರೆ ಹುಳಿಕೊಳೆ. ಅದನ್ನು ಹಣ್ಣಿನಿಂದ ಹಣ್ಣಿಗೆ ಹೊತ್ತೊಯ್ಯುವುದು ಗುಂಗಾಡಿ ನೊಣ.

ತೊಟ್ಟಿನ ಸುತ್ತ ಅಥವಾ ಬಿಸಿಲಿಗೆ ಬೆಂದ ಜಾಗದಲ್ಲಿ ಒಳಗೆ ಕುಸಿದ ಕಪ್ಪು ಮಚ್ಚೆ, ಮೇಲೆ ಮಖಮಲ್ಲಿನಂಥ ಮಸಿ ಇದ್ದರೆ ಆಲ್ಟರ್ನೇರಿಯಾ ಎಂಬ ಶಿಲೀಂಧ್ರ. ಇದು ನಿಧಾನಿ, ಲೇಪಕ್ಕೆ ಚೆನ್ನಾಗಿ ಬಗ್ಗುತ್ತದೆ. ಉಂಗುರ ಉಂಗುರವಾಗಿ ತಗ್ಗು ಬೀಳುವ ಆಂಥ್ರಾಕ್ನೋಸ್ ಹಾಗಲ್ಲ. ಅದು ಕಾಯಿ ಹಸಿರಿದ್ದಾಗಲೇ ಸಿಪ್ಪೆಯೊಳಗೆ ಸೇರಿ, ಹಣ್ಣಾಗುವವರೆಗೆ ಸುಮ್ಮನೆ ಕಾದಿರುತ್ತದೆ. ನೆಲಕ್ಕೆ ತಾಗಿದ ಹಣ್ಣಿಗೆ ಬರುವ ಕಂದು ಬಳೆಯ ಕೊಳೆಯೂ ಹೊಲದ್ದೇ. ಇವೆರಡಕ್ಕೂ ಮದ್ದು ಕೋಲು ಕಟ್ಟುವುದು, ಹೊದಿಕೆ ಹಾಕುವುದು, ಬಿದ್ದ ಹಣ್ಣನ್ನು ಹೊಲದಿಂದ ಆಚೆ ಹಾಕುವುದು. ಲೇಪದ ಡಬ್ಬಿಯಲ್ಲಿ ಅದು ಸಿಗುವುದಿಲ್ಲ.

ಈಗ ಹಣ್ಣಿನ ವಿಚಾರ. ಟೊಮೆಟೊ ಸಿಪ್ಪೆಯಲ್ಲಿ ಎಲೆಗಿರುವಂಥ ಉಸಿರಾಟದ ರಂಧ್ರಗಳಿಲ್ಲ. ಅದರ ಗಾಳಿ, ತೇವ ಬಹುಪಾಲು ಹೋಗಿಬರುವುದು ತೊಟ್ಟು ಕಿತ್ತ ಜಾಗದ ಆ ಪುಟ್ಟ ಗಾಯದಿಂದ. ಶಿಲೀಂಧ್ರಕ್ಕೂ ಅದೇ ಹೆಬ್ಬಾಗಿಲು. ಎರಡನೇ ಬಾಗಿಲನ್ನು ನಾವೇ ಮಾಡಿಕೊಡುತ್ತೇವೆ: ಉಗುರಿನ ಗೀರು, ಪಕ್ಕದ ಹಣ್ಣಿನ ತೊಟ್ಟು ಚುಚ್ಚಿದ್ದು, ಕ್ರೇಟ್ ತುಂಬಿ ತುಳುಕುವಂತೆ ಹಾಕಿ ಮೇಲೊಂದು ಇಟ್ಟಾಗ ತಳದಲ್ಲಿ ಒಡೆದದ್ದು. ರೈಜೋಪಸ್ ಒಳಹೊಗಲು ಗಾಯ ಬೇಕು. ಆದರೆ ಒಂದು ಹಣ್ಣಿನಲ್ಲಿ ಬೇರೂರಿದ ಮೇಲೆ ಅದು ಬಿಡುವ ರಸವೇ ಪಕ್ಕದ ಹಣ್ಣಿನ ಸಿಪ್ಪೆಯನ್ನು ಕರಗಿಸುತ್ತದೆ, ಗಾಯದ ಹಂಗಿಲ್ಲ. ಒಂದು ಹಣ್ಣು ಸುತ್ತಲಿನ ಏಳೆಂಟನ್ನು ಕೆಡಿಸುವುದು ಹೀಗೆ. ಆದ್ದರಿಂದ ಲೇಪ ಹಚ್ಚಿ ಕೂಡಿಟ್ಟ ಕ್ರೇಟನ್ನೂ ದಿನ ಬಿಟ್ಟು ದಿನ ತಿರುವಿ ನೋಡಲೇಬೇಕು.

ನೀರಿನಲ್ಲಿ ಆಗುವ ತಪ್ಪು ಬಹಳ ಜನಕ್ಕೆ ಗೊತ್ತಿಲ್ಲ. ಮಧ್ಯಾಹ್ನ ಕಿತ್ತ ಹಣ್ಣಿನ ತಿರುಳು 35 ಡಿಗ್ರಿ ದಾಟಿರುತ್ತದೆ. ಅದನ್ನು ತಣ್ಣಗಿನ ಬೋರ್ ನೀರಿಗೆ ಹಾಕಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ. ಆ ಕುಗ್ಗಿನ ಎಳೆತಕ್ಕೆ ತೊಟ್ಟಿನ ಗಾಯದಿಂದ ನೀರು ಒಳಗೆ ಸೇರುತ್ತದೆ. ನೀರಿನ ಜೊತೆ ಬೀಜಾಣುವೂ ಒಳಗೆ. ಆಮೇಲೆ ಮೇಲೆ ಏನು ಹಚ್ಚಿದರೂ ಕಳ್ಳನನ್ನು ಒಳಗಿಟ್ಟು ಬಾಗಿಲು ಹಾಕಿದಂತೆ. ತೊಳೆಯುವ ನೀರು ತಿರುಳಿಗಿಂತ 5 ಡಿಗ್ರಿಯಾದರೂ ಬೆಚ್ಚಗಿರಬೇಕು ಎಂಬ ನಿಯಮದ ಹಿಂದಿರುವುದು ಇದು. ನಮ್ಮಲ್ಲಿ ಸುಲಭದ ದಾರಿ: ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮೊದಲು ಕೀಳಿ. ನೆರಳಿನಲ್ಲಿ ಎರಡು ಮೂರು ಗಂಟೆ ಹರವಿ ತೊಟ್ಟಿನ ಗಾಯ ಆರಲು ಬಿಡಿ. ನೀರಿಗೆ ಒಂದು ಹಂಡೆ ಬಿಸಿನೀರು ಬೆರೆಸಿ, ಹಣ್ಣು ಕೊಯ್ದು ಥರ್ಮಾಮೀಟರ್ ಚುಚ್ಚಿ, ಎರಡನ್ನೂ ಹೋಲಿಸಿ. ಹಣ್ಣನ್ನು ಆಳಕ್ಕೆ ಮುಳುಗಿಸಿ ಹತ್ತು ನಿಮಿಷ ಬಿಡಬೇಡಿ. ಒಂದು ನಿಮಿಷ ಸಾಕು, ಒಂದೇ ಪದರ ಇರಲಿ.

ತೊಳೆಯುವ ನೀರಿಗೆ ಕ್ಲೋರಿನ್ 100 ಪಿಪಿಎಂ, ಅಂದರೆ ಲೀಟರಿಗೆ 100 ಮಿ.ಗ್ರಾಂ. ಅಂಗಡಿಯಲ್ಲಿ ಸಿಗುವ 4% ಸೋಡಿಯಂ ಹೈಪೋಕ್ಲೋರೈಟ್ ಆದರೆ 100 ಲೀಟರಿಗೆ 250 ಮಿ.ಲೀ. ಸುವಾಸನೆ, ಸೋಪು ಬೆರೆತದ್ದು ಬೇಡ. ನೀರಿನ ಪಿಹೆಚ್ (ಹುಳಿ-ಕ್ಷಾರದ ಅಳತೆ) 6.5ರಿಂದ 7.5ರೊಳಗೆ ಇದ್ದರೆ ಮಾತ್ರ ಕ್ಲೋರಿನ್‌ಗೆ ಪೂರ್ತಿ ಶಕ್ತಿ. ಚಿತ್ರದುರ್ಗ ಕಡೆಯ ಬೋರ್ ನೀರು ಗಡಸು, ಕ್ಷಾರದ ಕಡೆಗೇ ವಾಲುವುದು ಹೆಚ್ಚು. ಮೊದಲು ಚಿಟಿಕೆ ಚಿಟಿಕೆ ಸಿಟ್ರಿಕ್ ಆಮ್ಲ ಹಾಕಿ ಪಿಹೆಚ್ ಕಾಗದದಲ್ಲಿ ನೋಡಿ ಸರಿ ಮಾಡಿಕೊಂಡು, ಆಮೇಲೆ ಹೈಪೋಕ್ಲೋರೈಟ್ ಸುರಿಯಿರಿ. ಇನ್ನೊಂದು ಮಾತು, ಇದು ಜೀವದ ವಿಷಯ: ಹೈಪೋಕ್ಲೋರೈಟ್‌ಗೂ ವಿನೆಗರ್‌ಗೂ ನೇರ ಸಂಪರ್ಕ ಆಗಕೂಡದು. ಎರಡೂ ಕೂಡಿದರೆ ಕ್ಲೋರಿನ್ ವಿಷಗಾಳಿ ಏಳುತ್ತದೆ. ಮುಂದಿನ ಹಂತದ ಲೇಪದಲ್ಲಿ ವಿನೆಗರ್ ಇರುವುದರಿಂದ ಬಕೆಟ್, ಮಗ್, ಬುಟ್ಟಿ ಎಲ್ಲ ಬೇರೆ ಬೇರೆ ಇಟ್ಟುಕೊಳ್ಳಿ. ಕ್ಲೋರಿನ್ ನೀರಿನಿಂದ ತೆಗೆದ ಹಣ್ಣನ್ನು ಒಮ್ಮೆ ಕುಡಿಯುವ ನೀರಿನಲ್ಲಿ ಜಾಲಿಸಿ, ಪೂರ್ತಿ ಒಣಗಿಸಿ. ಒಣಗಿಸಲು ಜಾಗ, ಫ್ಯಾನು ಎರಡೂ ಇಲ್ಲವಾದರೆ ತೊಳೆಯಲೇಬೇಡಿ. ಒದ್ದೆ ಹಣ್ಣಿಗಿಂತ ಧೂಳು ಹಣ್ಣು ವಾಸಿ. ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ನಡೆಯುತ್ತದೆ.

ಕೈಟೋಸಾನ್ ತಯಾರಿ

ಸಿಗಡಿ, ಏಡಿ ಚಿಪ್ಪಿನ ಕೈಟಿನ್‌ನಿಂದ ಮಾಡುವ ಪುಡಿ ಇದು. ಆಮ್ಲದಲ್ಲಿ ಕರಗಿದಾಗ ಇದಕ್ಕೆ ಧನ ವಿದ್ಯುದಂಶ ಬರುತ್ತದೆ. ಶಿಲೀಂಧ್ರದ ಕೋಶಪೊರೆಯ ಋಣ ಅಂಶಕ್ಕೆ ಅಂಟಿ, ಪೊರೆಯನ್ನು ಸೋರುವಂತೆ ಮಾಡುತ್ತದೆ. ಇಷ್ಟೇ ಅಲ್ಲ, ಹಣ್ಣಿನ ಸಿಪ್ಪೆಯೂ ಇದನ್ನು ಶತ್ರುವಿನ ಸುಳಿವೆಂದು ತಿಳಿದು, ಶಿಲೀಂಧ್ರದ ಗೋಡೆ ಕರಗಿಸುವ ತನ್ನದೇ ಕಿಣ್ವಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಯುರೋಪ್ ಒಕ್ಕೂಟ 2014ರಲ್ಲಿ ಕೈಟೋಸಾನ್ ಹೈಡ್ರೋಕ್ಲೋರೈಡನ್ನು ಬೆಳೆ ರಕ್ಷಣೆಯ ಮೂಲ ವಸ್ತುಗಳ ಪಟ್ಟಿಗೆ ಸೇರಿಸಿತು.

ಕೊಳ್ಳುವಾಗ ಆಹಾರ ದರ್ಜೆ ಎಂದು ಬರೆದಿರುವ, ಡಿಅಸಿಟಲೇಷನ್ (ಕೈಟಿನ್ ಎಷ್ಟರಮಟ್ಟಿಗೆ ಕೈಟೋಸಾನ್ ಆಗಿದೆ ಎಂಬ ಅಳತೆ) 85% ಅಥವಾ ಹೆಚ್ಚಿರುವ, ಅಣುತೂಕ ಕಡಿಮೆ ಅಥವಾ ಮಧ್ಯಮದ ಪುಡಿ ಕೇಳಿ. ಗಿಡಕ್ಕೆ ಸಿಂಪಡಿಸಲು ಮಾರುವ ದ್ರವ ಕೈಟೋಸಾನ್‌ನಲ್ಲಿ ಇನ್ನೇನು ಬೆರೆಸಿರುತ್ತಾರೋ ಹೇಳಲಾಗದು, ತಿನ್ನುವ ಹಣ್ಣಿಗೆ ಅದು ಬೇಡ.

10 ಲೀಟರ್ ಲೇಪಕ್ಕೆ ಪುಡಿ 100 ಗ್ರಾಂ, ಅಂದರೆ 1%. ಆಮ್ಲಕ್ಕೆ 4% ವಿನೆಗರ್ 1.3 ಲೀಟರ್, ನೀರು 8.7 ಲೀಟರ್. ವಿನೆಗರ್ ಬದಲು ಗಾಢ ಅಸಿಟಿಕ್ ಆಮ್ಲ ಸಿಕ್ಕರೆ 50 ಮಿ.ಲೀ. ಸಾಕು, ಆದರೆ ಅದು ಚರ್ಮ ಸುಡುತ್ತದೆ. ಕೈಗವಸು, ಕನ್ನಡಕ ಇರಲಿ, ನೀರಿಗೆ ಆಮ್ಲ ಹಾಕಬೇಕೇ ಹೊರತು ಆಮ್ಲಕ್ಕೆ ನೀರಲ್ಲ. ನೀರು ಊರಿನ ಶುದ್ಧ ಕುಡಿಯುವ ನೀರಿನ ಘಟಕದ್ದು ಒಳ್ಳೆಯದು. ಬೋರ್ ನೀರಿನ ಕ್ಷಾರ ವಿನೆಗರಿನ ಒಂದು ಪಾಲನ್ನು ತಿಂದುಹಾಕುತ್ತದೆ, ಪುಡಿ ಅರ್ಧಂಬರ್ಧ ಕರಗಿ ಉಳಿಯುತ್ತದೆ. ಪಾತ್ರೆ ಪ್ಲಾಸ್ಟಿಕ್ ಅಥವಾ ಸ್ಟೀಲ್. ಅಲ್ಯೂಮಿನಿಯಂ, ಕಬ್ಬಿಣ ಬೇಡ.

ಆಮ್ಲದ ನೀರನ್ನು ಕಲಕುತ್ತಾ ಪುಡಿಯನ್ನು ಉಪ್ಪಿಟ್ಟಿಗೆ ರವೆ ಬಿಟ್ಟಂತೆ ಸಣ್ಣಗೆ ಉದುರಿಸಿ. ಒಮ್ಮೆಲೇ ಸುರಿದರೆ ಗಂಟು ಕಟ್ಟಿ, ಮೇಲೆ ಜಾರಿ, ಒಳಗೆ ಒಣಪುಡಿ ಉಳಿಯುತ್ತದೆ. ಅರ್ಧ ಗಂಟೆ ಕಲಕಿ, ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮತ್ತೆ ಕಲಕಿ ಎರಡು ಮಡಿಕೆ ಪಂಚೆಯಲ್ಲಿ ಸೋಸಿ. ಈಗ ಪಿಹೆಚ್ ನೋಡಿದರೆ ಸಾಮಾನ್ಯವಾಗಿ 4ರ ಚಿಲ್ಲರೆ ಇರುತ್ತದೆ. ಅಡುಗೆ ಸೋಡಾವನ್ನು ನೀರಿನಲ್ಲಿ ಕರಗಿಸಿ, ಚಮಚ ಚಮಚ ಹಾಕಿ 5ರಿಂದ 5.5ಕ್ಕೆ ತನ್ನಿ. ನೊರೆ ಬರುತ್ತದೆ, ಇಳಿಯುತ್ತದೆ. 6 ದಾಟಿಸಬೇಡಿ: ಒಡೆದ ಹಾಲಿನಂತೆ ಬಿಳಿ ಚೂರುಗಳು ಕಾಣಿಸಿಕೊಂಡರೆ ಕೈಟೋಸಾನ್ ಕರಗಿದ ಸ್ಥಿತಿ ಬಿಟ್ಟು ಹೊರಬಿತ್ತೆಂದೇ ಲೆಕ್ಕ.

ಕೊನೆಗೆ ಟ್ವೀನ್-80 ಎಂಬ, ಎಣ್ಣೆ ನೀರು ಬೆರೆಯುವಂತೆ ಮಾಡುವ ಆಹಾರ ದರ್ಜೆಯ ದ್ರವ 10 ಮಿ.ಲೀ. ಇದಿಲ್ಲದಿದ್ದರೆ ಟೊಮೆಟೊದ ಮೇಣದ ಸಿಪ್ಪೆಯ ಮೇಲೆ ಲೇಪ ಕೆಸುವಿನೆಲೆ ಮೇಲಿನ ನೀರಿನಂತೆ ಹನಿಹನಿಯಾಗಿ ಜಾರುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಅದರ ಬದಲಿಗೆ ನಡೆಯುವುದಿಲ್ಲ. ತಿನ್ನುವ ಪದಾರ್ಥ ಅಲ್ಲ ಎನ್ನುವುದು ಒಂದು ಕಾರಣ, ಸೋಪಿನ ಋಣ ಅಂಶ ಕೈಟೋಸಾನ್‌ಗೆ ಅಂಟಿ ಗಂಟಾಗುವುದು ಇನ್ನೊಂದು. ಇದೇ ಕಾರಣಕ್ಕೆ ಅರಬ್ಬಿ ಗೋಂದನ್ನೂ (ಒಂದು ಜಾತಿಯ ಜಾಲಿಯ ಅಂಟು) ಕೈಟೋಸಾನ್ ಜೊತೆ ಒಂದೇ ಬಕೆಟಿಗೆ ಹಾಕಬೇಡಿ. ಎರಡು ಒಳ್ಳೆಯವು ಸೇರಿದರೆ ಇನ್ನೂ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ಕೈಕೊಡುತ್ತದೆ.

ಹದ ನೋಡುವುದು ಹೀಗೆ: ಒಂದು ಹಣ್ಣನ್ನು ಅದ್ದಿ ಎತ್ತಿದರೆ ಲೇಪ ತೆಳು ಮಜ್ಜಿಗೆಯಂತೆ ಇಳಿಯಬೇಕು. ಎಳೆ ಎಳೆಯಾಗಿ ಜೋತುಬಿದ್ದರೆ ಪುಡಿಯ ಅಣುತೂಕ ಜಾಸ್ತಿ. ಅರ್ಧದಷ್ಟು ಶುದ್ಧ ನೀರು ಸೇರಿಸಿ ಬಳಸಿ. ಈ ಹದದಲ್ಲಿ 100 ಗ್ರಾಂ ತೂಕದ ಹಣ್ಣು ಸುಮಾರು 1 ಮಿ.ಲೀ. ಹೊತ್ತುಕೊಳ್ಳುತ್ತದೆ ಎಂದುಕೊಳ್ಳಿ. ಅದರಲ್ಲಿರುವ ಕೈಟೋಸಾನ್ 10 ಮಿ.ಗ್ರಾಂ. ಹಣ್ಣಿನ ಮೈ ಸುಮಾರು 100 ಚದರ ಸೆಂ.ಮೀ.; ಒಣಗಿದ ಮೇಲೆ ಉಳಿಯುವ ಪದರದ ದಪ್ಪ ಒಂದು ಮೈಕ್ರಾನ್ ಆಸುಪಾಸು, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಕಣ್ಣಿಗೆ ಕಾಣಬಾರದು, ಕೈಗೆ ಅಂಟಬಾರದು. ಕಂಡರೆ ಹೆಚ್ಚಾಗಿದೆ.

ಹಚ್ಚುವ ಕೆಲಸ

ಬಣ್ಣ ತಿರುಗಲು ಶುರುವಾದ ದೋರೆಗಾಯಿಗೆ ಲೇಪದ ಲಾಭ ಹೆಚ್ಚು. ಪೂರ್ತಿ ಕೆಂಪಾದದ್ದಕ್ಕೆ ಎರಡು ದಿನ ಸಿಕ್ಕರೆ ಪುಣ್ಯ. ಬಲಿಯದ ಹಸಿರು ಕಾಯಿಗೆ ಹಚ್ಚಿದರೆ ಅದು ಮಾಗುವುದೇ ಇಲ್ಲ. ತೊಟ್ಟಿನ ಹಸಿರು ಎಸಳು ಕಿತ್ತಿರಬೇಕು: ಎಸಳಿನಡಿ ಲೇಪ ಒಣಗದೆ ನಿಂತು, ಅಲ್ಲೇ ಬೂಷ್ಟು ಶುರುವಾಗುತ್ತದೆ. ಕಿತ್ತ 24 ಗಂಟೆಯೊಳಗೆ ಹಚ್ಚಿ ಮುಗಿಸಿ. ತಡವಾದಷ್ಟೂ ಗಾಯಕ್ಕೆ ಬಿದ್ದ ಬೀಜಾಣು ಮೊಳೆತು ಒಳಗೆ ಇಳಿದಿರುತ್ತದೆ, ಲೇಪ ಅದರ ಬೆನ್ನ ಹಿಂದೆ ಉಳಿಯುತ್ತದೆ.

ತೂತಿನ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಒಂದೊಂದು ಸಲಕ್ಕೆ ನಾಲ್ಕೈದು ಕಿಲೋ ಹಾಕಿ, ಒಂದು ನಿಮಿಷ ಅದ್ದಿ, ಮೇಲೆತ್ತಿ ಅರ್ಧ ನಿಮಿಷ ಸೋರಲು ಬಿಡಿ. ಹಣ್ಣು ಪೂರ್ತಿ ಒಣಗಿದ್ದರೆ ಮಾತ್ರ ಅದ್ದಿ. ಒದ್ದೆ ಹಣ್ಣು ಪ್ರತಿ ಬುಟ್ಟಿಗೂ ಲೇಪವನ್ನು ನೀರಾಗಿಸುತ್ತದೆ, ಕೊನೆಯ ಬುಟ್ಟಿಗೆ ಹೋಗುವುದು ಬರೀ ಹುಳಿನೀರು. ಸೋರಿದ ಮೇಲೆ ನೈಲಾನ್ ಜಾಲರಿಯ ಮೇಲೆ ಒಂದೇ ಪದರದಲ್ಲಿ, ತೊಟ್ಟಿನ ಗುಳಿ ಕೆಳಗೆ ಬರುವಂತೆ ಇಡಿ. ಗುಳಿ ಮೇಲಿದ್ದರೆ ಅದರಲ್ಲಿ ಒಂದು ಹನಿ ನಿಂತು ಗಟ್ಟಿ ಬಿರಡೆಯಾಗುತ್ತದೆ. ಹಣ್ಣು ಉಸಿರಾಡುವುದು ಅಲ್ಲಿಂದ ಎಂದು ಹೇಳಿದೆವಲ್ಲ. ಬಿರಡೆ ಬಿದ್ದ ಹಣ್ಣು ಒಳಗೇ ಉಸಿರುಕಟ್ಟಿ ಹೆಂಡದ ವಾಸನೆ ಹೊಡೆಯುತ್ತದೆ. ಮೆಕ್ಕೆಜೋಳದ ಪ್ರೋಟೀನ್ ಆದ ಝೀನ್ ಅನ್ನು ಟೊಮೆಟೊಗೆ ಬಳಿದು ಅಮೆರಿಕದಲ್ಲಿ ಮಾಡಿದ ಪ್ರಯೋಗದಲ್ಲಿ, 1994ರಷ್ಟು ಹಿಂದೆಯೇ, ಇದು ಕಂಡಿತ್ತು: ತೆಳು ಪದರ ಮಾಗುವುದನ್ನು ಮುಂದೂಡಿತು, 66 ಮೈಕ್ರಾನ್ ದಪ್ಪದ ಪದರದೊಳಗೆ ಆಲ್ಕೋಹಾಲ್ ಹುಟ್ಟಿ ರುಚಿ ಕೆಟ್ಟಿತು.

ಟೇಬಲ್ ಫ್ಯಾನ್ ಹಾಕಿ ಮುಕ್ಕಾಲು ಗಂಟೆ ಒಣಗಿಸಿ. ಬಿಸಿಲಿಗೆ ಹಾಕಬೇಡಿ. ಬೆರಳಿಗೆ ಅಂಟು ಬಂದರೆ ಇನ್ನೂ ಒಣಗಿಲ್ಲ. ಹಾಗೇ ಕ್ರೇಟಿಗೆ ತುಂಬಿದರೆ ಹಣ್ಣು ಹಣ್ಣಿಗೆ ಅಂಟಿ, ಬಿಡಿಸುವಾಗ ಸಿಪ್ಪೆ ಕಿತ್ತು ಹೊಸ ಗಾಯ. ಅಷ್ಟು ಹೊತ್ತಿನಲ್ಲಿ ಕ್ರೇಟುಗಳನ್ನು ಕ್ಲೋರಿನ್ ನೀರಿನಲ್ಲಿ ಉಜ್ಜಿ ಬಿಸಿಲಿಗೆ ಒಣಹಾಕಿರಬೇಕು. ಮಂಡಿಯಿಂದ ವಾಪಸ್ ಬಂದ ಖಾಲಿ ಕ್ರೇಟಿನ ಮೂಲೆಗಳಲ್ಲಿ ಹಳೆ ಹಣ್ಣಿನ ರಸ ಒಣಗಿ ಕಪ್ಪಗೆ ಕೂತಿರುತ್ತದಲ್ಲ, ರೈಜೋಪಸ್ ಬೀಜಾಣುವಿನ ಗೋದಾಮು ಅದೇ. ನಿಮ್ಮ ತಳದ ಹಣ್ಣು ಮೊದಲು ಕೆಡುತ್ತಿರುವುದಕ್ಕೆ ಅರ್ಧ ಕಾರಣ ಅಲ್ಲಿರಬಹುದು, ಉಳಿದರ್ಧ ಮೇಲಿನ ಭಾರ. ಕ್ರೇಟ್ ತುಂಬುವುದನ್ನು ಅಂಚಿಗಿಂತ ಎರಡು ಬೆರಳು ಕೆಳಗೇ ನಿಲ್ಲಿಸಿ. ಲೇಪಕ್ಕೆ ಖರ್ಚು ಮಾಡುವ ಮೊದಲು ಇವೆರಡನ್ನೇ ಮಾಡಿ ನೋಡಿದರೂ ತಪ್ಪಿಲ್ಲ, ಖರ್ಚು ಬರೀ ಸೋಪಿನ ಬ್ರಷ್ಷಿನದು.

ಅದ್ದಿದ ದ್ರಾವಣವನ್ನು ಅಂದೇ ಮುಗಿಸಿ. ಧೂಳು ಸೇರಿ ಮಬ್ಬಾದರೆ ಸೋಸಿ ಮುಂದುವರಿಸಬಹುದು, ಮಾರನೇ ದಿನಕ್ಕೆ ಎತ್ತಿಡಬೇಡಿ. ಅದ್ದದೆ ಉಳಿದ ಶುದ್ಧ ದ್ರಾವಣ ಮುಚ್ಚಿಟ್ಟರೆ ಕೆಲವು ದಿನ ಇರುತ್ತದೆ; ನೀರಾಗಿ ತೆಳ್ಳಗಾಗುತ್ತ ಬಂದರೆ ಶಕ್ತಿ ಕುಂದುತ್ತಿದೆ.

ರೈಜೋಪಸ್ ಕಾಟ ಜೋರಾಗಿದ್ದರೆ ಲೇಪಕ್ಕೆ ಲವಂಗದ ಎಣ್ಣೆ ಸೇರಿಸುವ ಪದ್ಧತಿ ಇದೆ. 10 ಲೀಟರಿಗೆ 10 ಮಿ.ಲೀ. ಎಣ್ಣೆ, ಅದಕ್ಕೆ 10 ಮಿ.ಲೀ. ಟ್ವೀನ್-80 ಮೊದಲೇ ಬೆರೆಸಿ, ಮಿಕ್ಸಿಯಲ್ಲಿ ತಿರುಗುತ್ತಿರುವ ಸ್ವಲ್ಪ ಲೇಪಕ್ಕೆ ಹನಿ ಹನಿಯಾಗಿ ಬಿಟ್ಟು, ಆಮೇಲೆ ಪೂರ್ತಿ ಬಕೆಟಿಗೆ ಸೇರಿಸಿ. ಅಜವಾನದ ಎಣ್ಣೆಯಲ್ಲಿರುವ ಥೈಮಾಲ್, ನಿಂಬೆಹುಲ್ಲಿನ ಸಿಟ್ರಾಲ್ ಕೂಡ ಇದೇ ಸಾಲಿನವು. ಸರಿಯಾಗಿ ಒಡೆಯದ ಎಣ್ಣೆಹನಿ ಸಿಪ್ಪೆಯ ಮೇಲೆ ಕೂತಲ್ಲಿ ಕಂದು ಸುಟ್ಟಗಾಯವಾಗುತ್ತದೆ. ಪ್ರಮಾಣ ದುಪ್ಪಟ್ಟು ಮಾಡಿದರೆ ತಿಳಿಸಾರು ಲವಂಗದ ವಾಸನೆ ಬರುತ್ತದೆಂದು ಗಿರಾಕಿ ಬೈಯುವುದೂ ಖಚಿತ. ಬೇವಿನೆಣ್ಣೆ ಹಚ್ಚುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ, ಕಹಿ ಹೋಗುವುದಿಲ್ಲ.

ಉಳಿದ ಲೇಪಗಳು

ಲೋಳೆಸರ ಮಾಡುವುದೇ ಆದರೆ ಹಸಿ ರಸ ಹಿಂಡಿ ಬಳಿಯುವುದಲ್ಲ. ಬಲಿತ ಎಲೆಯ ಬುಡ ಕತ್ತರಿಸಿ, ಕತ್ತರಿಸಿದ ಕಡೆ ಕೆಳಗೆ ಮಾಡಿ ನಿಲ್ಲಿಸಿದರೆ ಹಳದಿ ಹಾಲು ಇಳಿಯುತ್ತದೆ. ಅದು ಕಹಿ, ಭೇದಿ ತರಿಸುತ್ತದೆ, ಪೂರ್ತಿ ಹೋಗಬೇಕು. ಸಿಪ್ಪೆ ತೆಗೆದ ತಿರುಳನ್ನು ತೊಳೆದು, ಮಿಕ್ಸಿಗೆ ಹಾಕಿ, ಸೋಸಿ, 70 ಡಿಗ್ರಿಯಲ್ಲಿ 45 ನಿಮಿಷ ಇಟ್ಟು ಬೇಗ ತಣಿಸಿ. ಲೀಟರಿಗೆ 4.5 ಗ್ರಾಂ ಸಿಟ್ರಿಕ್ ಆಮ್ಲ, 2 ಗ್ರಾಂ ಆಸ್ಕಾರ್ಬಿಕ್ ಆಮ್ಲ ಹಾಕಿದರೆ ಪಿಹೆಚ್ 4ರ ಹತ್ತಿರ ಬಂದು ಕೆಂಪಾಗದೆ ನಿಲ್ಲುತ್ತದೆ. ಕಾಯಿಸದ ರಸ ಮಾರನೇ ದಿನವೇ ಹುಳಿ. ಮನೆ ಬಳಕೆಯ ಎರಡು ಬುಟ್ಟಿಗೆ ಇದು ಸರಿ. ನೂರು ಕ್ರೇಟಿಗೆ ಬೇಕಾಗುವ ಎಲೆ, ಕೂಲಿ ಲೆಕ್ಕ ಹಾಕಿದರೆ ಉತ್ಸಾಹ ಇಳಿಯುತ್ತದೆ.

ಮೆಕ್ಕೆಜೋಳ ದಾವಣಗೆರೆ ಸೀಮೆಯ ಬೆಳೆ, ಪಿಷ್ಟ ಅಗ್ಗ, ಹಾಗಾಗಿ ಗಂಜಿಯ ಆಸೆ ಸಹಜ. ಆದರೆ ಮಳೆಗಾಲದಲ್ಲಿ ಗಂಜಿ ಹಾಕಿದ ಪಂಚೆಗೇ ಮೊದಲು ಬೂಷ್ಟು ಬರುವುದನ್ನು ನೋಡಿದ್ದೀರಿ. ಪಿಷ್ಟ ಶಿಲೀಂಧ್ರಕ್ಕೆ ಊಟ. ಬೇಸಿಗೆಯ ಒಣಹವೆಯಲ್ಲಿ ತೂಕ ಉಳಿಸಲು ಬೇಕಿದ್ದರೆ ಬಳಸಿ: 10 ಲೀಟರಿಗೆ 200 ಗ್ರಾಂ ಪಿಷ್ಟ, ತಣ್ಣೀರಿನಲ್ಲಿ ಕದಡಿ, 85ರಿಂದ 90 ಡಿಗ್ರಿಯಲ್ಲಿ ತಿಳಿಯಾಗುವವರೆಗೆ ಹತ್ತು ನಿಮಿಷ ಕಲಕಿ, ಬಿರುಕು ಬಿಡದಿರಲು 50 ಗ್ರಾಂ ಗ್ಲಿಸರಿನ್ ಹಾಕಿ, ಪೂರ್ತಿ ತಣಿಸಿ ಅದ್ದುವುದು. ಬೂಷ್ಟಿನ ದೂರು ಇರುವ ನಿಮಗೆ ಇದನ್ನು ಹೇಳುವಂತಿಲ್ಲ.

ಅರಬ್ಬಿ ಗೋಂದು ಮಾಗುವುದನ್ನು ತಡೆಯುವುದರಲ್ಲಿ ಗಟ್ಟಿಗ. 10% ದ್ರಾವಣ ಹಚ್ಚಿದ ಟೊಮೆಟೊ 20 ಡಿಗ್ರಿಯಲ್ಲಿ 20 ದಿನ ಗುಣಮಟ್ಟ ಉಳಿಸಿಕೊಂಡಿತೆಂದು ಮಲೇಷ್ಯಾದಿಂದ 2010ರಲ್ಲಿ ವರದಿಯಾಗಿದೆ. ಆ 20 ದಿನವನ್ನು ನಮ್ಮ 32 ಡಿಗ್ರಿಯ ಶೀಟಿನ ಶೆಡ್ಡಿಗೆ ಹಾಗೇ ತಂದುಕೊಳ್ಳಬೇಡಿ. ನಮ್ಮ ಕರಿಜಾಲಿಯ ಕಂದು ಅಂಟು ಅದಲ್ಲ. ಅದರ ಒಗರು, ಬಣ್ಣ ಎರಡೂ ಹಣ್ಣಿಗೆ ಇಳಿಯುತ್ತವೆ.

ಇಡುವ ಜಾಗ

ಲೇಪ ಹಚ್ಚಿದ ಹಣ್ಣನ್ನು ಟಾರ್ಪಾಲ್ ಹೊದಿಸಿ ಇಟ್ಟರೆ ರಾತ್ರಿ ಬೆವರಿ, ಕೆಲಸವೆಲ್ಲ ನೀರಿಗೆ. ಗಾಳಿಯಾಡುವ ನೆರಳು ಬೇಕು, ಬಾಳೆಹಣ್ಣು ಪಕ್ಕದಲ್ಲಿರಬಾರದು. ಶೀತಲ ಗೃಹದಲ್ಲಿ ಇಡುವುದಾದರೆ ದೋರೆಗಾಯಿಗೆ 12ರಿಂದ 13 ಡಿಗ್ರಿ. ಹಣ್ಣನ್ನು 10ಕ್ಕಿಂತ ಕೆಳಗೆ ಇಳಿಸಿದರೆ ಚಳಿ ಹೊಡೆದು, ಹೊರಗೆ ತೆಗೆದ ಮೇಲೆ ಆಲ್ಟರ್ನೇರಿಯಾ ಮುಕ್ಕುತ್ತದೆ. ಬಡವರ ಶೀತಲ ಕೋಣೆಯೆಂದರೆ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ (ಐಎಆರ್‌ಐ) ರೂಪಿಸಿದ ಇಟ್ಟಿಗೆಯದು: ಎರಡು ಗೋಡೆ, ನಡುವೆ 7.5 ಸೆಂ.ಮೀ. ಮರಳು, ದಿನಕ್ಕೆರಡು ಸಲ ನೀರು. ಚಳ್ಳಕೆರೆಯಂಥ ಒಣಸೀಮೆಯಲ್ಲಿ ಮಾರ್ಚ್‌ನಿಂದ ಮೇವರೆಗೆ ಅದು ಚೆನ್ನಾಗಿ ತಂಪು ಕೊಡುತ್ತದೆ. ಒಳಗಿನ ತೇವ ಮಾತ್ರ ಜಾಸ್ತಿ, ಲೇಪವಿಲ್ಲದ ಹಣ್ಣಿಗೆ ಬೂಷ್ಟು ಅಲ್ಲಿ ಬೇಗ. ಕೈಟೋಸಾನ್ ಹಚ್ಚಿ ಒಣಗಿಸಿದ ಹಣ್ಣಿಗೆ ಆ ಕೋಣೆ ಸರಿಜೋಡಿ. ಗಂಜಿ ಹಚ್ಚಿದ್ದಕ್ಕೆ ಆಗಿಬರುವುದಿಲ್ಲ.

ಖರ್ಚು, ಕಾನೂನು

25 ಕಿಲೋ ಕ್ರೇಟಿಗೆ ಕಾಲು ಲೀಟರ್ ಲೇಪ, ಅಂದರೆ 2.5 ಗ್ರಾಂ ಪುಡಿ. ಒಂದು ಕಿಲೋ ಪುಡಿಯ ಬೆಲೆಯನ್ನು 400ರಿಂದ ಭಾಗಿಸಿ; ಕಿಲೋ 2,000 ರೂಪಾಯಿಗೆ ಸಿಕ್ಕರೆ ಕ್ರೇಟಿಗೆ 5 ರೂಪಾಯಿ. ಬಕೆಟ್ ತಳದಲ್ಲಿ ಉಳಿಯುವುದು, ವಿನೆಗರ್, ಕೂಲಿ ಸೇರಿಸಿ. ಪುಡಿಗಿಂತ ಕೂಲಿ ಭಾರ. ನಾಳೆಯೇ ಮಾರುವ ಹಣ್ಣಿಗೆ ಇದು ದಂಡ. ಕ್ರೇಟ್ ನೂರು ರೂಪಾಯಿಗೂ ಕೇಳುವವರಿಲ್ಲದ ವಾರದಲ್ಲಿ ಲೇಪ ಹಚ್ಚಿ ಐದು ದಿನ ತಡೆದರೂ ಆರನೇ ದಿನ ದರ ಏರುತ್ತದೆಂಬ ಭರವಸೆ ಲೇಪದಲ್ಲಿ ಇಲ್ಲ. ಆರಿಸಿದ ಮೊದಲ ದರ್ಜೆ ಹಣ್ಣು, ದೂರದ ಸಾಗಣೆ, ಗೊತ್ತಿರುವ ಗಿರಾಕಿ ಇದ್ದಲ್ಲಿ ಗಿಟ್ಟುತ್ತದೆ. ಅರ್ಕಾ ರಕ್ಷಕ್‌ನಂಥ ಗಟ್ಟಿ ಸಿಪ್ಪೆಯ ತಳಿಗೆ ಲೇಪದ ಅಗತ್ಯವೇ ಕಡಿಮೆ.

ಮಾರುವಾಗ ಕೊಳ್ಳುವವರಿಗೆ ಹೇಳಿಯೇ ಮಾರಿ. ಕೈಟೋಸಾನ್ ಸಿಗಡಿ ಮೂಲದ್ದು. ಸಸ್ಯಾಹಾರಿ ಮನೆಗಳಿಗೆ, ಸಿಗಡಿ ಅಲರ್ಜಿ ಇರುವವರಿಗೆ ಅದು ಸಣ್ಣ ವಿಷಯವಲ್ಲ. ಶಿಲೀಂಧ್ರದಿಂದಲೇ ತೆಗೆದ ಕೈಟೋಸಾನ್ ಕೂಡ ಇದೆ, ಬೆಲೆ ಹೆಚ್ಚು. 2011ರ ಆಹಾರ ಸುರಕ್ಷತಾ ನಿಯಮಾವಳಿ ತಾಜಾ ಹಣ್ಣು ತರಕಾರಿಯ ಲೇಪಕ್ಕೆ ಹೆಸರಿಟ್ಟು ಹೇಳಿದ್ದು ಜೇನುಮೇಣ, ಕಾರ್ನೌಬಾ ಮೇಣ, ಅರಗಿನ ಮೇಣವನ್ನು, ಅದೂ ಲೇಬಲ್ ಮೇಲೆ ನಮೂದಿಸಿ. ಆದ್ದರಿಂದ ಪ್ಯಾಕ್ ಮಾಡಿ ಮಾಲ್‌ಗೆ ಕೊಡುವ ಯೋಚನೆ ಇದ್ದರೆ ಜಿಲ್ಲಾ ಆಹಾರ ಸುರಕ್ಷತಾ ಅಧಿಕಾರಿಯನ್ನು ಮೊದಲು ಕೇಳಿ.

ಎಲ್ಲಕ್ಕೂ ಮುಂಚೆ ಚಿಕ್ಕ ಪರೀಕ್ಷೆ ಮಾಡಿ. ಒಂದೇ ದಿನ, ಒಂದೇ ಬಣ್ಣದ, ಗಾಯವಿಲ್ಲದ 200 ಹಣ್ಣು ಆರಿಸಿ ನಾಲ್ಕು ಪಾಲು: ಏನೂ ಮಾಡದ್ದು, ಬರೀ ತೊಳೆದು ಒಣಗಿಸಿದ್ದು, ತೊಳೆದು ಪಿಹೆಚ್ 5.5ರ ವಿನೆಗರ್ ನೀರಿನಲ್ಲಿ ಮಾತ್ರ ಅದ್ದಿದ್ದು, ತೊಳೆದು ಕೈಟೋಸಾನ್ ಹಚ್ಚಿದ್ದು. ಮೂರನೇ ಪಾಲನ್ನು ಬಿಡಬೇಡಿ, ಗುಣ ಕಂಡರೆ ಅದು ಕೈಟೋಸಾನ್‌ದೋ ವಿನೆಗರಿನದೋ ಎಂದು ಹೇಳುವುದು ಅದೊಂದೇ. ಹತ್ತು ದಿನ, ಪ್ರತಿ ಬೆಳಿಗ್ಗೆ ಕೊಳೆತದ್ದನ್ನು ಎಣಿಸಿ ತೆಗೆಯಿರಿ, ಪಾಲನ್ನು ತೂಗಿ, ಒಂದು ಹಣ್ಣು ಕೊಯ್ದು ಮೂಸಿ. ಎರಡನೇ ಮತ್ತು ನಾಲ್ಕನೇ ಪಾಲಿನ ನಡುವೆ ಆರನೇ ದಿನಕ್ಕೆ ಐದು ಹಣ್ಣಿನ ವ್ಯತ್ಯಾಸವೂ ಕಾಣದಿದ್ದರೆ ನಿಮ್ಮ ತೊಂದರೆ ಹೊಲದ್ದು ಅಥವಾ ಬ್ಯಾಕ್ಟೀರಿಯಾದ್ದು. ಆಗ ಕೊಳೆಯಲು ಆಗಷ್ಟೇ ಶುರುವಾದ ನಾಲ್ಕು ಹಣ್ಣನ್ನು ಬೇರೆ ಬೇರೆ ಕಾಗದದ ಕವರಿನಲ್ಲಿ ಹಾಕಿಕೊಂಡು ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರಕ್ಕೋ, ಹತ್ತಿರವಾದರೆ ದಾವಣಗೆರೆಯ ತರಳಬಾಳು ಕೇಂದ್ರಕ್ಕೋ ಅಂದೇ ಒಯ್ಯಿರಿ. ಪ್ಲಾಸ್ಟಿಕ್ ಕವರ್ ಬೇಡ. ದಾರಿಯಲ್ಲೇ ಬೇರೆ ಬೂಷ್ಟು ಹತ್ತಿ, ಮೂಲ ರೋಗ ಯಾವುದೆಂದು ಗೊತ್ತಾಗದೆ ಹೋಗುತ್ತದೆ.